ಅಗಸಿಯಲ್ಲಿ ನಿಂತ ಪೆಟ್ಟಿಗೆ

ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿ ನಮ್ಮದು. ಜನವರಿಯಲ್ಲಿ ತೊಗರಿ ರಾಶಿ ಮುಗಿಯಿತೆಂದರೆ ಕಲಬುರಗಿ ಎಪಿಎಂಸಿಗೆ ಚೀಲ ಸಾಗಿಸುವ ಗದ್ದಲ. ನಾನು ಸಣ್ಣವನಿದ್ದಾಗ ಒಬ್ಬೊಬ್ಬರೂ ತಮ್ಮ ನಾಲ್ಕೈದು ಚೀಲಕ್ಕೆ ಬೇರೆ ಬೇರೆ ಗಾಡಿ ಹುಡುಕುತ್ತಿದ್ದರು. ಬಾಡಿಗೆ ಮಾತಾಡಬೇಕು, ಡ್ರೈವರ್ ಬರುವ ತನಕ ಕಾಯಬೇಕು, ಅಲ್ಲಿ ಇಳಿಸಿದ ಮೇಲೆ ಗಾಡಿ ಖಾಲಿಯೇ ತಿರುಗಿ ಬರಬೇಕು. ಚೀಲ ಸಾಗುವುದಕ್ಕಿಂತ ಅದಕ್ಕೆ ಮುಂಚಿನ ಮಾತುಕತೆಗೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಒಂದು ವರ್ಷ ನಮ್ಮ ಕಾಕಾ ಹಂಗಾಮು ಪೂರ್ತಿಗೆ ಒಂದೇ ಟೆಂಪೊ ಗೊತ್ತು ಮಾಡಿದರು. ಅದು ಬಿಡುವಿಲ್ಲದೆ ಓಡಾಡುವುದು. ಯಾರೇ ಚೀಲ ತರಲಿ, ಊರ ಅಗಸಿಯಲ್ಲಿ ಕೂತ ಹುಡುಗ ಅದರ ಮೇಲೆ ಹೆಸರು ಬರೆದು ಏರಿಸುವುದು. ರೈತರಿಗೆ ಕಲಬುರಗಿಯ ಜತೆ ಮಾತುಕತೆಯೇ ಉಳಿಯಲಿಲ್ಲ, ಅಗಸಿಯ ಹುಡುಗನ ಜತೆ ಮಾತಾಡಿದರೆ ಸಾಕಾಯಿತು.

ಹದಿನೈದು ವರ್ಷಗಳಿಂದ ನಾನು ಹೊಟ್ಟೆ ಹೊರೆಯುತ್ತಿರುವುದು ಇಂಥದೇ ಒಂದು ಅಗಸಿಯ ಕೆಲಸದಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನಿಂದ ಹೋಗಿ ಕಂಪ್ಯೂಟರ್ ಜಾಲದ ಕೆಲಸದಲ್ಲಿರುವ ನಮ್ಮ ಬಳಗದ ಈ ಸ್ಮರಣ ಸಂಚಿಕೆಗೆ ಒಂದು ಸಂಸ್ಥೆಯ ಚರಿತ್ರೆ ಬರೆಯಬೇಕೆಂದಾಗ ನನಗೆ ನೆಟ್‌ಸ್ಕೇಲರ್ ಬಿಟ್ಟು ಬೇರೆ ಹೆಸರು ಹೊಳೆಯಲಿಲ್ಲ. ಅದರ ಬೆಳವಣಿಗೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಅದು ಬೆಳೆದ ಕಾಲು ಶತಮಾನದಲ್ಲಿಯೇ ನಮ್ಮ ಹೊಲದ ಪಹಣಿ, ಮಕ್ಕಳ ಜಾತಿ ಪ್ರಮಾಣಪತ್ರ, ಮನೆಯ ನೋಂದಣಿ ಎಲ್ಲವೂ ಇಂಥ ಅಗಸಿ ದಾಟಿಯೇ ಬರುವ ಹಾಗಾಯಿತು.

1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಸಂಸ್ಥೆ ಕಟ್ಟಿದ ಮೈಕೆಲ್ ಸೂಸೈ ಎಂಬ ಎಂಜಿನಿಯರ್ ಕೈಗೆತ್ತಿಕೊಂಡದ್ದು ಟೆಂಪೊದ ಲೆಕ್ಕವನ್ನೇ. ಆಗಿನ್ನೂ ಜಾಲತಾಣಗಳು ಹೊಸವು. ನೀವು ಒಂದು ಪುಟ ಕೇಳಿದರೆ ನಿಮ್ಮ ಕಂಪ್ಯೂಟರೂ ದೂರದ ಸರ್ವರೂ ಮೊದಲು ಮೂರು ಸಲ ಮಾತಾಡಿಕೊಳ್ಳಬೇಕು. "ಬರಲೇ?" ಎಂದು ಒಬ್ಬರು, "ಬನ್ನಿ, ಕೇಳಿಸಿತೇ?" ಎಂದು ಇನ್ನೊಬ್ಬರು, "ಕೇಳಿಸಿತು" ಎಂದು ಮತ್ತೆ ಮೊದಲಿನವರು. ಟಿಸಿಪಿ ಎಂಬ ನಿಯಮದ ಪ್ರಕಾರ ಇದಾದ ಮೇಲೆಯೇ ಕೊಡುವುದು ತಗೊಳ್ಳುವುದು. ಹೀಗೆ ತೆರೆದ ಒಂದೊಂದು ಸಂಪರ್ಕಕ್ಕೂ ಸರ್ವರ್ ತನ್ನ ನೆನಪಿನಲ್ಲಿ ಜಾಗ ಕಾದಿರಿಸಬೇಕು. ಹತ್ತು ಸಾವಿರ ಜನ ಒಮ್ಮೆಲೇ ಬಂದರೆ ಅದರ ಶಕ್ತಿಯೆಲ್ಲ ಬಂದವರನ್ನು ಮಾತಾಡಿಸುವುದರಲ್ಲೇ ಮುಗಿದುಹೋಗಿ, ಪುಟ ಕೊಡಲು ಏನೂ ಉಳಿಯುತ್ತಿರಲಿಲ್ಲ.

ಸೂಸೈ ಸರ್ವರಿನ ಮುಂದೆ ಒಂದು ಪೆಟ್ಟಿಗೆ ಇಟ್ಟರು. ಹೊರಗಿನ ಸಾವಿರಾರು ಸಂಪರ್ಕಗಳನ್ನು ಪೆಟ್ಟಿಗೆಯೇ ಮಾತಾಡಿಸಿ ಒಳಗೆ ಕರೆದುಕೊಳ್ಳುವುದು. ಸರ್ವರಿನ ಕಡೆಗೆ ಮಾತ್ರ ಬೆರಳೆಣಿಕೆಯ ಸಂಪರ್ಕಗಳು, ಅವು ಮುಚ್ಚದೆ ಸದಾ ತೆರೆದೇ ಇರುವಂಥವು. ಯಾರ ಬೇಡಿಕೆ ಯಾವುದೆಂದು ಗುರುತಿಟ್ಟು, ಆ ಕೆಲವೇ ದಾರಿಗಳಲ್ಲಿ ಒಂದರ ಹಿಂದೊಂದು ಕಳಿಸಿ, ಬಂದ ಉತ್ತರವನ್ನು ಸರಿಯಾದವರ ಕೈಗೆ ಮುಟ್ಟಿಸುವುದು. ಈ ವಿಧಾನಕ್ಕೆ 1998ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 2002ರಲ್ಲಿ ಅದು ಮಂಜೂರಾಯಿತು. ಒಂದೇ ಕೆಲಸಕ್ಕೆ ಹತ್ತು ಸರ್ವರ್ ಇದ್ದರೆ ಯಾವುದಕ್ಕೆ ಕೆಲಸ ಕಡಿಮೆ ಇದೆಯೋ ಅದಕ್ಕೆ ಹೊಸ ಬೇಡಿಕೆ ಕಳಿಸುವುದು, ಒಂದು ಕೆಟ್ಟರೆ ಅದನ್ನು ಬಿಟ್ಟು ಉಳಿದವುಗಳಿಗೆ ಹಂಚುವುದು ಕೂಡ ಪೆಟ್ಟಿಗೆಯ ಪಾಲಿಗೇ ಬಂತು. ಈ ದಾರಿಯಲ್ಲಿ ನೆಟ್‌ಸ್ಕೇಲರ್ ಒಂದೇ ಇರಲಿಲ್ಲ. ಸಿಯಾಟಲ್‌ನ ಎಫ್‌5 1996ರಲ್ಲೇ ಹುಟ್ಟಿತ್ತು. 2000ದಲ್ಲಿ ಅರೇ ನೆಟ್‌ವರ್ಕ್ಸ್ ಬಂತು, 2004ರಲ್ಲಿ ಎ10 ಬಂತು. ಆದರೂ ಸಂಪರ್ಕಗಳನ್ನು ಹೀಗೆ ಒಟ್ಟುಗೂಡಿಸುವ ವಿದ್ಯೆಯನ್ನು ಇಡೀ ಸಂಸ್ಥೆಯ ಅಡಿಪಾಯ ಮಾಡಿಕೊಂಡದ್ದು ನೆಟ್‌ಸ್ಕೇಲರ್ ಎಂದು ನಾನು ಧೈರ್ಯವಾಗಿ ಬರೆಯಬಲ್ಲೆ.

2000ದ ಮಾರ್ಚ್‌ನಲ್ಲಿ ಅಮೆರಿಕದ ತಂತ್ರಜ್ಞಾನ ಷೇರುಗಳು ತುದಿ ಮುಟ್ಟಿ ಕುಸಿಯತೊಡಗಿದವು. ಜಾಲತಾಣ ಕಂಪನಿಗಳು ಸಾಲಾಗಿ ಬಾಗಿಲು ಮುಚ್ಚಿದವು, ಅವೇ ಇಂಥ ಪೆಟ್ಟಿಗೆಗಳ ಗಿರಾಕಿಗಳಾಗಿದ್ದವು. ಆ ಹೊತ್ತಿನಲ್ಲಿ ಸಂಸ್ಥೆಯ ಚುಕ್ಕಾಣಿ ಹಿಡಿದವರು ಬಿ.ವಿ. ಜಗದೀಶ್. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು ಅವರು. ಕೆ.ಬಿ. ಚಂದ್ರಶೇಖರ್ ಜತೆ ಸೇರಿ 1994ರಲ್ಲಿ ಎಕ್ಸೋಡಸ್ ಕಮ್ಯುನಿಕೇಷನ್ಸ್ ಕಟ್ಟಿದ್ದರು. ಬೇರೆ ಕಂಪನಿಗಳ ಸರ್ವರ್‌ಗಳನ್ನು ತನ್ನ ಕಟ್ಟಡದಲ್ಲಿಟ್ಟು ವಿದ್ಯುತ್ತು, ತಂಪು, ಕಾವಲು, ಸಂಪರ್ಕ ಎಲ್ಲವನ್ನೂ ಒದಗಿಸುವುದು ಎಕ್ಸೋಡಸ್‌ನ ಕಸುಬು. ಇವತ್ತು ನಾವು ಡೇಟಾ ಸೆಂಟರ್ ಎನ್ನುವುದರ ಮೊದಲ ದೊಡ್ಡ ರೂಪ ಅದು. 1998ರಲ್ಲಿ ಷೇರುಪೇಟೆಗೆ ಬಂದು ಗಗನಕ್ಕೇರಿದ ಅದೇ ಎಕ್ಸೋಡಸ್ 2001ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಸಾವಿರಾರು ಸರ್ವರ್‌ಗಳು ಒಂದೇ ಸೂರಿನಡಿ ಉಸಿರುಗಟ್ಟುವುದನ್ನು ಕಂಡವರಿಗೆ ಸರ್ವರಿನ ಮುಂದೆ ನಿಂತು ಭಾರ ತಗ್ಗಿಸುವ ಪೆಟ್ಟಿಗೆಯ ಬೆಲೆ ಬೇರೆಯವರು ಹೇಳಬೇಕಿರಲಿಲ್ಲ. ಬೆಂಗಳೂರಿನಲ್ಲಿ ಕಂಪನಿಯ ಅಭಿವೃದ್ಧಿ ಕೇಂದ್ರ ಬೇರೂರಿತು. ಕರ್ನಾಟಕದ ಕಾಲೇಜುಗಳಲ್ಲಿ ಓದಿದ ಹುಡುಗ ಹುಡುಗಿಯರು ಪೆಟ್ಟಿಗೆಯ ಒಡಲಿನ ಕೋಡ್ ಬರೆಯತೊಡಗಿದರು.

ವೇಗಕ್ಕಾಗಿ ಹುಟ್ಟಿದ ಪೆಟ್ಟಿಗೆ ಕಾವಲಿಗೆ ತಿರುಗಿದ್ದು ಹೇಗೆ ಎಂಬುದು ಈ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ. 2000ದ ಫೆಬ್ರುವರಿಯಲ್ಲಿ ಯಾಹೂ, ಅಮೆಜಾನ್, ಇಬೇ, ಸಿಎನ್‌ಎನ್ ತಾಣಗಳು ಒಂದರ ಹಿಂದೊಂದು ನೆಲಕಚ್ಚಿದವು. ಮಾಡಿದವನು ಕೆನಡಾದ ಹದಿಹರೆಯದ ಹುಡುಗ. ಆ ತಾಣಗಳ ಯಾವ ಬೀಗವನ್ನೂ ಅವನು ಒಡೆದಿರಲಿಲ್ಲ, ತಡೆಯಲಾಗದಷ್ಟು ಬೇಡಿಕೆಗಳನ್ನು ಸುರಿಸಿದ್ದ ಅಷ್ಟೇ. ಇಂಥ ದಾಳಿಗಳಲ್ಲಿ ಒಂದು ಬಗೆಯೆಂದರೆ "ಬರಲೇ?" ಎಂದು ಲಕ್ಷಾಂತರ ಸಲ ಕೇಳಿ, "ಬನ್ನಿ" ಎಂದರೆ ಉತ್ತರ ಕೊಡದೆ ಸುಮ್ಮನಿದ್ದುಬಿಡುವುದು. ಸರ್ವರ್ ಪ್ರತಿಯೊಬ್ಬರಿಗೂ ಮಣೆ ಹಾಕಿ ಕಾಯುತ್ತ ಕೂಡುತ್ತದೆ, ನಿಜವಾದ ಗಿರಾಕಿ ಬಂದಾಗ ಜಾಗವೇ ಇರುವುದಿಲ್ಲ. ಮಾತಾಡಿಸುವ ಕೆಲಸ ಪೆಟ್ಟಿಗೆಯದಾದ ಮೇಲೆ ಈ ಪೆಟ್ಟು ತಿನ್ನುವುದೂ ಅದರ ಪಾಲಿಗೇ ಬಂತು. ಮೂರನೆಯ ಮಾತು ಬರುವ ತನಕ ಜಾಗವನ್ನೇ ಕಾದಿರಿಸದೆ, ಎರಡನೆಯ ಮಾತಿನೊಳಗೇ ಒಂದು ಗುರುತು ಕಟ್ಟಿ ಕಳಿಸಿ, ಅದೇ ಗುರುತಿನೊಡನೆ ತಿರುಗಿ ಬಂದವರಿಗಷ್ಟೇ ಬಾಗಿಲು ತೆಗೆಯುವ ಉಪಾಯ ಅದಕ್ಕೆ ಸಾಧ್ಯವಾಯಿತು. ಮುಂದೆ ಗುಪ್ತಲಿಪಿಯ ಕೆಲಸವೂ ಸರ್ವರಿನಿಂದ ಇಲ್ಲಿಗೆ ಸರಿಯಿತು. ಮುಚ್ಚಿದ ಲಕೋಟೆ ತೆರೆಯುವುದು ಇಲ್ಲಿಯೇ ಆದ ಮೇಲೆ ಒಳಗಿನ ಬರಹದಲ್ಲಿ ವಿಷವಿದೆಯೇ ಎಂದು ಓದಿ ನೋಡಬಹುದಾಯಿತು. ಹೀಗೆ ಒಂದು ಅನುಕೂಲದ ಹಿಂದೆ ಇನ್ನೊಂದು ಬಂದು, ಅಗಸಿಯ ಹುಡುಗ ಊರ ತಳವಾರನೂ ಆದ.

2005ರ ಜೂನ್‌ನಲ್ಲಿ ಫ್ಲಾರಿಡಾದ ಸಿಟ್ರಿಕ್ಸ್ ಸಿಸ್ಟಮ್ಸ್ ನೆಟ್‌ಸ್ಕೇಲರನ್ನು ಸುಮಾರು 30 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಆಗಿನ ದರದಲ್ಲಿ ಅದು 1,300 ಕೋಟಿ ರೂಪಾಯಿಯ ಆಸುಪಾಸು. ದೂರದಲ್ಲಿ ಕೂತು ಕಚೇರಿಯ ಕಂಪ್ಯೂಟರ್ ಬಳಸುವ ವ್ಯವಸ್ಥೆಗೆ ಹೆಸರಾದ ಕಂಪನಿ ಸಿಟ್ರಿಕ್ಸ್. ಅದಕ್ಕೆ ಹೊರಗಿನವರನ್ನು ಸುರಕ್ಷಿತವಾಗಿ ಒಳಗೆ ಬಿಡುವ ಬಾಗಿಲು ಬೇಕಿತ್ತು. ಅದೇ ವರ್ಷದ ಕೊನೆಗೆ ಟೆರೋಸ್ ಎಂಬ, ಬೇಡಿಕೆಯ ಒಳಬರಹ ಓದಿ ತಡೆಯುವ ಫೈರ್‌ವಾಲ್ ಸಂಸ್ಥೆಯನ್ನೂ ಕೊಂಡು ಜತೆಗೆ ಸೇರಿಸಿತು. ಆಮೇಲಿನದು ಬೇಗ ಬೇಗ ನಡೆದ ಕತೆ. 2009ರ ಹೊತ್ತಿಗೆ ಒಂದೇ ಚಿಪ್‌ನೊಳಗಿನ ಹಲವು ಸಂಸ್ಕಾರಕಗಳಿಗೆ ಕೆಲಸ ಹಂಚುವಂತೆ ಒಳಗಿನ ಕೋಡನ್ನು ಹೊಸದಾಗಿ ಕಟ್ಟಿದರು. ಅದೇ ವರ್ಷ ಕಬ್ಬಿಣದ ಪೆಟ್ಟಿಗೆಯೇ ಇಲ್ಲದೆ ಯಾವ ಸರ್ವರಿನ ಮೇಲಾದರೂ ಓಡುವ ತಂತ್ರಾಂಶ ರೂಪ ಬಂತು, ಮುಂದೆ ಕಂಟೈನರ್‌ನೊಳಗೆ ಕೂಡುವಷ್ಟು ಸಣ್ಣ ರೂಪವೂ ಬಂತು. ಪೆಟ್ಟಿಗೆ ಹೋದರೂ ನಾವು ಕೆಲಸಗಾರರು ಇನ್ನೂ ಪೆಟ್ಟಿಗೆ ಎಂದೇ ಕರೆಯುತ್ತೇವೆ. 2018ರಲ್ಲಿ ನೆಟ್‌ಸ್ಕೇಲರ್ ಎಂಬ ಹೆಸರನ್ನೇ ತೆಗೆದು ಸಿಟ್ರಿಕ್ಸ್ ಎಡಿಸಿ ಎಂದು ಇಟ್ಟರು. ಅದು ತಪ್ಪು ನಿರ್ಧಾರ ಎಂದು ನನಗೆ ಆಗಲೂ ಅನಿಸಿತ್ತು. ನಾಲ್ಕು ವರ್ಷ ನಮ್ಮಲ್ಲಿ ಒಬ್ಬರ ಬಾಯಿಗೂ ಹೊಸ ಹೆಸರು ಹತ್ತಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸಿಟ್ರಿಕ್ಸ್ 1,650 ಕೋಟಿ ಡಾಲರಿಗೆ ಖಾಸಗಿ ಹೂಡಿಕೆದಾರರ ಕೈಸೇರಿ ಕ್ಲೌಡ್ ಸಾಫ್ಟ್‌ವೇರ್ ಗ್ರೂಪ್ ಆದಾಗ ಹಳೆಯ ಹೆಸರು ತಿರುಗಿ ಬಂತು.

ಇದೇ ಅವಧಿಯಲ್ಲಿ ನಮ್ಮ ತಾಲ್ಲೂಕುಗಳಲ್ಲಿ ಆದದ್ದನ್ನೂ ಇಲ್ಲಿ ಇಡಬೇಕು. ಹೊಸ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಬಂದು ಕೈಬರಹದ ಪಹಣಿ ನಿಂತಿತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಹೆಸರುಗಳು ಕಂಪ್ಯೂಟರಿಗೆ ಏರಿದವು. ಆಗ ಹದಿನೈದು ರೂಪಾಯಿ ಕೊಟ್ಟರೆ ಕಿಂಡಿಯಲ್ಲಿ ಮುದ್ರಿಸಿದ ಪಹಣಿ ಸಿಗುತ್ತಿತ್ತು. ಮೊದಮೊದಲು ಆ ಸರ್ವರ್ ಇದ್ದದ್ದು ತಹಸೀಲ್ ಕಚೇರಿಯೊಳಗೇ. ಜೇವರ್ಗಿಯ ಹೊಲದ ಲೆಕ್ಕ ಜೇವರ್ಗಿಯಲ್ಲಿ, ಆಳಂದದ್ದು ಆಳಂದದಲ್ಲಿ. ಕಿಂಡಿಗೂ ಸರ್ವರಿಗೂ ನಡುವೆ ಹತ್ತು ಮಾರು ತಂತಿ. ಬರಬರುತ್ತಾ ಮಾಹಿತಿಯೆಲ್ಲ ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿಗೆ ಸೇರಿತು. 2012ರ ಏಪ್ರಿಲ್‌ನಲ್ಲಿ ಬಂದ ಸಕಾಲ, ಹೋಬಳಿಯ ನಾಡಕಚೇರಿ, ಮುಂದೆ ಬಂದ ಸೇವಾ ಸಿಂಧು, ಗ್ರಾಮ ಒನ್ ಎಲ್ಲವೂ ದೂರದ ಸರ್ವರನ್ನೇ ನೆಚ್ಚಿಕೊಂಡವು. ಹತ್ತು ಮಾರಿನ ತಂತಿ ಆರುನೂರು ಕಿಲೋಮೀಟರ್ ಆಸುಪಾಸಿನ ದಾರಿಯಾಯಿತು, ಆ ದಾರಿಯ ತುದಿಗೆ ಅಗಸಿ ಅನಿವಾರ್ಯವಾಯಿತು.

ಕೆಲವು ವರ್ಷಗಳ ಹಿಂದೆ ಅಪ್ಪನ ಜತೆ ಒಂದು ಕಚೇರಿಯ ಕಿಂಡಿಯ ಮುಂದೆ ಮೂರು ದಿನ ಪಾಳಿ ಹಚ್ಚಿದ್ದೆ. ಮೂರನೆಯ ದಿನವೂ ಒಳಗಿನಿಂದ "ಸರ್ವರ್ ಇಲ್ರೀ ಕಾಕಾ, ನಾಳಿಗಿ ಬರ್ರಿ" ಎಂಬ ಮಾತು ಬಂತು. ಅಪ್ಪ ನನ್ನ ಕಡೆ ತಿರುಗಿ, "ನೀ ಮಾಡೂ ಕೆಲಸ ಇದೇ ಅಲ್ಲೇನೋ? ಅಲ್ಲಿ ಬೆಂಗಳೂರಾಗ ಕುಂತಾವ್ರು ಇಲ್ಲಿ ಪಾಳಿ ಹಚ್ಚಿದ್ದು ನೋಡ್ತಾರೇನು?" ಎಂದ. ನನ್ನ ಬಳಿ ಉತ್ತರವಿತ್ತು, ಹೇಳಲಾಗಲಿಲ್ಲ. ಪೆಟ್ಟಿಗೆಯ ಪರದೆಯ ಮೇಲೆ ಪಾಳಿ ಕಾಣುತ್ತದೆ, ಆದರೆ ಅಂಕಿಯಾಗಿ. ಎಷ್ಟು ಬೇಡಿಕೆ ಕಾಯುತ್ತಿವೆ, ಎಷ್ಟು ಮಿಲಿಸೆಕೆಂಡ್ ತಡ ಎಂದು. ಆ ಅಂಕಿಗಳನ್ನು ನೋಡುವಾಗ ಅಂದಿನಿಂದ ನನಗೆ ಬಿಸಿಲಲ್ಲಿ ಟವೆಲ್ ಹೊದ್ದು ನಿಂತ ಅಪ್ಪ ಕಾಣುತ್ತಾನೆ.

ಅಗಸಿಗೆ ಎಲ್ಲ ಕೆಲಸ ಒಪ್ಪಿಸಿದರೆ ಅಗಸಿಯೇ ಬಿರುಕು ಬಿಟ್ಟಾಗ ಊರೆಲ್ಲ ತೆರೆದುಕೊಳ್ಳುತ್ತದೆ. 2019ರ ಡಿಸೆಂಬರ್ 17ರಂದು ಸಿಟ್ರಿಕ್ಸ್ ತನ್ನ ಪೆಟ್ಟಿಗೆಯಲ್ಲಿ ಒಂದು ದೋಷವಿದೆಯೆಂದು ಪ್ರಕಟಿಸಿತು. ಹೆಸರು, ಪಾಸ್‌ವರ್ಡ್ ಏನೂ ಇಲ್ಲದವರು ಹೊರಗಿನಿಂದಲೇ ಪೆಟ್ಟಿಗೆಯೊಳಗೆ ತಮ್ಮ ಆಜ್ಞೆ ನಡೆಸಬಹುದಾದ ದೋಷ ಅದು. ತಾತ್ಕಾಲಿಕ ತಡೆಯನ್ನು ಅಂದೇ ತಿಳಿಸಿದರೂ, ಪೂರ್ತಿ ದುರಸ್ತಿಯ ತಂತ್ರಾಂಶ ಬರತೊಡಗಿದ್ದು ಜನವರಿ 19ರಿಂದ. ನಡುವಿನ ಒಂದು ತಿಂಗಳಲ್ಲಿ ದಾಳಿಕಾರರು ಜಗತ್ತಿನಾದ್ಯಂತ ಈ ಬಾಗಿಲುಗಳನ್ನು ಹುಡುಕುತ್ತ ಓಡಾಡಿದರು. ಕ್ರಿಸ್‌ಮಸ್, ಹೊಸವರ್ಷ, ಸಂಕ್ರಾಂತಿ ಮೂರರಲ್ಲೂ ನಮ್ಮಂಥವರು ನಿದ್ದೆಗೆಟ್ಟು ಒಂದೊಂದೇ ಪೆಟ್ಟಿಗೆ ಪರೀಕ್ಷಿಸಿದೆವು. ಒಂದು ತಿಂಗಳು ದೊಡ್ಡ ಅವಧಿ. ಅಷ್ಟು ತಡವಾಗಬಾರದಿತ್ತು ಎಂಬುದು ಈ ಸಂಸ್ಥೆಯನ್ನು ಮೆಚ್ಚುವ ನನ್ನ ಮಾತೂ ಹೌದು.

ಆ ದುರಸ್ತಿ ಮುಗಿದು ಎರಡು ತಿಂಗಳೂ ಆಗಿರಲಿಲ್ಲ, ಮಾರ್ಚ್ 10ರಂದು ಕೊರೊನಾದಿಂದ ದೇಶದಲ್ಲಿ ಮೊದಲು ಸತ್ತವರು ನಮ್ಮ ಕಲಬುರಗಿಯವರೇ. ಬೆಂಗಳೂರಿನಿಂದ ಊರಿಗೆ ಬಂದ ನಮ್ಮ ಹುಡುಗರು ಅಫಜಲಪುರದ, ಆಳಂದದ ಹಳ್ಳಿಗಳಲ್ಲಿ ಸಿಗ್ನಲ್ ಸಿಗುವ ಮಾಳಿಗೆ ಹುಡುಕಿ ಲ್ಯಾಪ್‌ಟಾಪ್ ತೆರೆದರು. ಮಾಳಿಗೆಯಿಂದ ಕಚೇರಿಯೊಳಗೆ ಹೋಗುವ ಬಾಗಿಲು ಇಂಥದೇ ಪೆಟ್ಟಿಗೆ. ವರ್ಷಕ್ಕೆ ಕೆಲವೇ ದಿನ ಕೆಲವೇ ಜನ ಬಳಸುತ್ತಿದ್ದ ದಾರಿಯಲ್ಲಿ ಒಂದೇ ವಾರದಲ್ಲಿ ಇಡೀ ಕಚೇರಿಗಳು ಬಂದು ನಿಂತವು. ಹಿಂದಿನ ಜನವರಿಯಲ್ಲಿ ಬಿರುಕು ಮುಚ್ಚದೆ ಹೋಗಿದ್ದರೆ ಆ ವಾರ ಏನಾಗುತ್ತಿತ್ತೆಂದು ನಾನು ಬಹಳ ಸಲ ಯೋಚಿಸಿದ್ದೇನೆ.

2023ರ ಅಕ್ಟೋಬರ್‌ನಲ್ಲಿ ಬಂದದ್ದು ಇನ್ನೂ ಸೂಕ್ಷ್ಮವಾದ ಪೆಟ್ಟು. ಸಿಟ್ರಿಕ್ಸ್‌ಬ್ಲೀಡ್ ಎಂದು ಅದಕ್ಕೆ ಹೆಸರಾಯಿತು. ಕಬ್ಬಿನ ಕಾರ್ಖಾನೆಯ ಗೇಟಿನಲ್ಲಿ ಟ್ರ್ಯಾಕ್ಟರಿಗೆ ಒಮ್ಮೆ ಟೋಕನ್ ಕೊಟ್ಟರೆ ಆಮೇಲೆ ಪ್ರತಿ ಹೆಜ್ಜೆಗೂ ಯಾರೆಂದು ಕೇಳುವುದಿಲ್ಲ, ಟೋಕನ್ ತೋರಿಸಿದರೆ ಕಾಟಾದ ತನಕ ಬಿಡುತ್ತಾರೆ. ಜಾಲದಲ್ಲೂ ಹಾಗೆಯೇ. ಪಾಸ್‌ವರ್ಡ್, ಒಟಿಪಿ ಎಲ್ಲ ಕೊಟ್ಟು ಒಳಬಂದವರಿಗೆ ಪೆಟ್ಟಿಗೆ ಒಂದು ಗುರುತು ಕೊಟ್ಟು, ಅದನ್ನು ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಆ ನೆನಪೇ ಸೋರತೊಡಗಿತು. ಬೇರೆಯವರ ಟೋಕನ್ ಹಿಡಿದು ಬಂದವನನ್ನು ಪೆಟ್ಟಿಗೆ ಅವರೇ ಎಂದು ನಂಬಿ ಬಿಟ್ಟಿತು. ತಂತ್ರಾಂಶ ದುರಸ್ತಿಯಾದ ಮೇಲೂ ಹಿಂದೆ ಸೋರಿದ ಟೋಕನ್‌ಗಳು ಜೀವಂತವಾಗಿದ್ದವು, ಎಲ್ಲರನ್ನೂ ಒಮ್ಮೆ ಹೊರಗೆ ಕಳಿಸಿ ಹೊಸ ಟೋಕನ್ ಕೊಡಬೇಕಿತ್ತು. ಇದನ್ನು ಮಾಡದ ಕಡೆ ಪೆಟ್ಟು ಬಿತ್ತು. ಬೋಯಿಂಗ್‌ನಂಥ ವಿಮಾನ ಕಂಪನಿಗೆ ಕನ್ನ ಬಿತ್ತು. ಅಮೆರಿಕದ ಕೇಬಲ್-ಇಂಟರ್ನೆಟ್ ಕಂಪನಿ ಕಾಮ್‌ಕಾಸ್ಟ್‌ನಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಗಿರಾಕಿಗಳ ಮಾಹಿತಿ ಹೋಯಿತು. ಬೀಗ ಗಟ್ಟಿಯಿತ್ತು, ಬಂದವನ ಕೈಯಲ್ಲಿ ಕೀಲಿಯೂ ಇತ್ತು, ಬಂದವನು ಮಾತ್ರ ಬೇರೆ.

ಅಲ್ಲಿಂದೀಚೆಗೆ ಈ ಕಸುಬಿನ ದೊಡ್ಡ ತಲೆನೋವು ಇದೇ. ಸರಿಯಾದ ಬಾಗಿಲಿನಿಂದ, ಸರಿಯಾದ ರೀತಿಯಲ್ಲಿ ಬಂದ ಬೇಡಿಕೆಯ ಹಿಂದೆ ಇರುವುದು ಯಾರು? ನಮ್ಮ ರಾಜ್ಯ ಇದನ್ನು 2025ರ ಜನವರಿಯಲ್ಲಿ ಅನುಭವಿಸಿತು. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0ರಲ್ಲಿ ಋಣಭಾರ ಪ್ರಮಾಣಪತ್ರ ಹುಡುಕುವ ಸೌಲಭ್ಯ ಎಲ್ಲರಿಗೂ ತೆರೆದದ್ದು. ಸುಳ್ಳು ಖಾತೆಗಳನ್ನು ತೆರೆದು, ಯಂತ್ರಗಳಿಂದ ಅದೇ ಹುಡುಕಾಟವನ್ನು ಸುರಿಸಿದರು. ಎರಡು ಗಂಟೆಯಲ್ಲಿ 6.2 ಲಕ್ಷ ಬೇಡಿಕೆಗಳು, 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳು ಎಂದು ತನಿಖೆಯ ಸುದ್ದಿಗಳು ಬಂದವು. ಒಂದೊಂದು ಬೇಡಿಕೆಯನ್ನೂ ಬಿಡಿಯಾಗಿ ನೋಡಿದರೆ ಅದರಲ್ಲಿ ದೋಷವಿಲ್ಲ, ರೈತನೊಬ್ಬ ತನ್ನ ಹೊಲದ ಮೇಲಿನ ಸಾಲ ನೋಡಿದ ಹಾಗೆಯೇ ಇದೆ. ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಕೆಲಸ ಕುಂಟಿತು. ಹೊಲ ಕೊಳ್ಳಲು ಸಾಕ್ಷಿಗಳನ್ನು ಕರೆದುಕೊಂಡು ಬಂದವರು ಮರದ ನೆರಳಲ್ಲಿ ಕೂತರು. ಈಗ ಪೆಟ್ಟಿಗೆಗಳು ಬೇಡಿಕೆಯ ಸ್ವರೂಪದ ಜತೆಗೆ ಅದರ ನಡೆಯನ್ನೂ ನೋಡುತ್ತವೆ. ಮನುಷ್ಯನ ಕೈ ಇಷ್ಟು ಬೇಗ ಓಡೀತೇ, ಒಂದೇ ಕಡೆಯಿಂದ ಇಷ್ಟು ಜನ ಬಂದಾರೇ ಎಂದು ಲೆಕ್ಕ ಹಾಕಿ ಯಂತ್ರವನ್ನು ಮನುಷ್ಯನಿಂದ ಬೇರ್ಪಡಿಸುತ್ತವೆ.

ಆದರೆ ಈ ಲೆಕ್ಕಕ್ಕೂ ಸಿಗದ ಪ್ರಕರಣ ನಮ್ಮ ಆಳಂದದ್ದು. ಅದನ್ನು ರಾಜಕೀಯದ ಮಾತಾಗಿ ದೇಶವೆಲ್ಲ ಕೇಳಿದೆ, ನಾನು ಇಲ್ಲಿ ನನ್ನ ಕಸುಬಿನ ಕಣ್ಣಿನಿಂದಷ್ಟೇ ನೋಡುತ್ತೇನೆ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ನಮೂನೆ 7ರಲ್ಲಿ 6,018 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದವು. ಅವು ಬಂದದ್ದು ಚುನಾವಣಾ ಆಯೋಗವೇ ತೆರೆದಿಟ್ಟ ಬಾಗಿಲಿನಿಂದ. ಮೊಬೈಲ್ ಸಂಖ್ಯೆ ಇತ್ತು, ಅದಕ್ಕೆ ಒಟಿಪಿ ಹೋಗಿತ್ತು, ಒಟಿಪಿ ಸರಿಯಾಗಿಯೇ ತುಂಬಲಾಗಿತ್ತು. ಅರ್ಜಿದಾರರೆಂದು ನಮೂದಾಗಿದ್ದವರು ಮಾತ್ರ ತಾವು ಅರ್ಜಿಯನ್ನೇ ಹಾಕಿಲ್ಲವೆಂದರು. ಎಷ್ಟೇ ಬೆಲೆಯ ಪೆಟ್ಟಿಗೆ ಇಟ್ಟಿದ್ದರೂ ಈ ಬೇಡಿಕೆಗಳನ್ನು ಒಳಗೆ ಬಿಡುತ್ತಿತ್ತು, ಬಿಡುವುದೇ ಅದರ ಧರ್ಮ. 2025ರ ಸೆಪ್ಟೆಂಬರ್‌ನಲ್ಲಿ ಆಯೋಗ ಇಂಥ ಅರ್ಜಿಗಳಿಗೆ ಆಧಾರ್‌ಗೆ ಜೋಡಿಸಿದ ಇ-ಸಹಿಯ ಹೆಜ್ಜೆಯೊಂದನ್ನು ಸೇರಿಸಿತು. ಅದಕ್ಕಿಂತ ಎರಡೂವರೆ ವರ್ಷ ಮೊದಲು, 2023ರ ಫೆಬ್ರುವರಿಯಲ್ಲಿ, ವಿಷಯ ಹೊರಬಿದ್ದದ್ದು ಮತಗಟ್ಟೆಯ ಅಧಿಕಾರಿಯೊಬ್ಬರು ತೆಗೆದುಹಾಕಬೇಕಾದ ಹೆಸರುಗಳ ನಡುವೆ ತಮ್ಮದೇ ಬಂಧುವಿನ ಹೆಸರು ಕಂಡಾಗ. ಆಮೇಲೆ ಚುನಾವಣಾ ಸಿಬ್ಬಂದಿ ಅಷ್ಟೂ ಅರ್ಜಿಗಳನ್ನು ಸ್ಥಳದಲ್ಲೇ ಪರಿಶೀಲಿಸಿದರು. 6,018ರಲ್ಲಿ ನಿಜವಾದವು 24. ಉಳಿದ 5,994 ತಿರಸ್ಕೃತವಾದವು, ಫೆಬ್ರುವರಿ 21ರಂದು ಎಫ್‌ಐಆರ್ ದಾಖಲಾಯಿತು.